ಹೆಸರು ಕೊಟ್ಟವರು ರಕ್ತ ಕೊಡೋಕೂ ಬರಬೇಕಂದ್ರೆ ಏನು ಮಾಡಬೇಕು?

ನಮ್ಮ ಕಲಬುರಗಿಯ ಕಾಲೇಜಿನಲ್ಲಿ ರಕ್ತದಾನ ಶಿಬಿರಕ್ಕೆ ಹೆಸರು ಬರೆಸಿಕೊಳ್ಳುವ ಕೆಲಸ ನನ್ನದು. ಹೆಸರು ಕೊಡುವಾಗ ಎಲ್ಲರಿಗೂ ಹುರುಪು. ಆ ದಿನ ಬಂದಾಗ ಮೊದಲ ಸಲದವರಲ್ಲಿ ಬಹಳ ಮಂದಿ ಬರುವುದೇ ಇಲ್ಲ. ನಿಮ್ಮ ಅನುಭವ ಹೇಳ್ತೀರಾ?

ಬೀದರಿನಿಂದ, ಶಿಬಿರ ನಡೆಸುವವರು:
ತಮ್ಮಾ, ಬಾರದವರಿಗೆ ಉದಾಸೀನ ಅಂತ ತಿಳಿಯಬೇಡಿ. ಅವರಿಗೆ ಹೆದರಿಕೆ. ಹೆಸರು ಕೊಟ್ಟು ಮನೆಗೆ ಹೋದ ಮೇಲೆ ಯಾರೋ ಒಬ್ಬರು ‘ರಕ್ತ ಕೊಟ್ರ ನಿಶ್ಶಕ್ತಿ ಆಗ್ತದ, ಬ್ಯಾಡ’ ಅಂದಿರುತ್ತಾರೆ. ಆ ಮಾತಿಗೆ ಉತ್ತರ ಕೊಡುವವರು ಅಲ್ಲಿ ಯಾರೂ ಇರುವುದಿಲ್ಲ.

ಅದಕ್ಕೇ ನಾವು ಹಿಂದಿನ ದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿದರೆ ಸಾಲದು. ಫೋನ್ ಮಾಡುವವರು ಅದೇ ಕ್ಲಾಸಿನವರಾಗಿರಬೇಕು, ಈಗಾಗಲೇ ರಕ್ತ ಕೊಟ್ಟಿರಬೇಕು. ‘ಬರ್ತಿಯಾ?’ ಅಂತ ಕೇಳಬಾರದು. ‘ಎಷ್ಟು ಗಂಟೆಗೆ ಬರ್ತಿ, ಯಾರ ಜೊತಿ ಬರ್ತಿ?’ ಅಂತ ಕೇಳಬೇಕು. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ, ಭಯ ತಾನಾಗಿ ಹೊರಗೆ ಬರ್ತದೆ.

‘ಏನೂ ಆಗಲ್ಲ’ ಅಂತ ಮಾತ್ರ ಹೇಳಬೇಡಿ. ಸೂಜಿ ಚುಚ್ಚುತ್ತದೆ. ಕೆಲವರಿಗೆ ತಲೆ ತಿರುಗುತ್ತದೆ. ಇದ್ದದ್ದು ಹೇಳಿ. ತೆಗೆಯುವುದು 350 ಅಥವಾ 450 ಮಿಲಿ. ಸೂಜಿ ಕೈಯಲ್ಲಿರುವುದು ಸುಮಾರು 10 ನಿಮಿಷ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣ ತುಂಬಲು ವಾರಗಳೇ ಬೇಕು. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟೇ ಮತ್ತೆ ಕೊಡಬೇಕು ಅನ್ನುವುದು ಇದಕ್ಕೇ. ಇಷ್ಟು ಬಿಡಿಸಿ ಹೇಳಿದರೆ ಮನೆಯ ಹಿರಿಯರೂ ಒಪ್ಪುತ್ತಾರೆ.

ಕಲಬುರಗಿಯಿಂದ, ರಕ್ತನಿಧಿಯಲ್ಲಿ ಕೆಲಸ ಮಾಡುವವರು:
ಅಕ್ಕಪಕ್ಕದ ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗರು ಬೆಳಗ್ಗೆ ಏನೂ ತಿನ್ನದೇ ಬರುತ್ತಾರೆ. ಕೆಲವರು ಬೇಕಂತಲೇ ಉಪವಾಸ ಇರುತ್ತಾರೆ, ರಕ್ತ ಪರೀಕ್ಷೆಯ ಥರ ಅಂದುಕೊಂಡು. ಫೋನಿನಲ್ಲೇ ಹೇಳಿಬಿಡಿ: ರೊಟ್ಟಿ ಪಲ್ಯ ತಿಂದು ಬಾ, ರಾತ್ರಿ ಚೆನ್ನಾಗಿ ನಿದ್ದೆ ಮಾಡು. ಕೊಡುವ ಮೊದಲು ಅರ್ಧ ಲೀಟರ್ ನೀರು ಕುಡಿಸಿ. ತಲೆ ತಿರುಗುವುದು ಕಡಿಮೆಯಾಗುತ್ತದೆ. ನಮ್ಮ ಬೇಸಿಗೆಯಲ್ಲಂತೂ ಶಿಬಿರ ಬೆಳಗ್ಗೆಯೇ ಇಡಿ. ಕೊಟ್ಟ ಮೇಲೆ ಕಾಲು ಗಂಟೆ ಕೂರಿಸಿ, ತಕ್ಷಣ ಬಿಸಿಲಿಗೆ ಕಳಿಸಬೇಡಿ.

ಇನ್ನೊಂದು ಮಾತು, ಇದು ನನಗೆ ಮುಖ್ಯ. ಕೊಡುವವರ ವಯಸ್ಸು ಕನಿಷ್ಠ 18, ತೂಕ 45 ಕಿಲೋ, ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಒಯ್ಯುವ ಅಂಶ) 100 ಮಿಲಿಗೆ 12.5 ಗ್ರಾಂ ಇರಲೇಬೇಕು. ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಇಷ್ಟಿಲ್ಲದವರು ಜಾಸ್ತಿ. ಧೈರ್ಯ ಮಾಡಿ ಬಂದವಳನ್ನು ಎಲ್ಲರೆದುರು ‘ನಿನ್ನದು ನಡೆಯಲ್ಲ’ ಅಂದರೆ ಅವಳು ಮತ್ತೆ ಬರುವುದಿಲ್ಲ. ಪಕ್ಕಕ್ಕೆ ಕರೆದು ಹೇಳಿ. ಡಾಕ್ಟರಿಗೆ ತೋರಿಸಲು ತಿಳಿಸಿ. ಅವಳಿಗೂ ಚಹಾ ಬಿಸ್ಕತ್ತು ಕೊಡಿ.

ಯಾದಗಿರಿಯಿಂದ, ಒಬ್ಬ ತಾಯಿ:
ನನ್ನ ಮಗನಿಗೆ ಥಲಸ್ಸೇಮಿಯಾ, ಮೈಯಲ್ಲಿ ಸಾಕಷ್ಟು ಒಳ್ಳೆಯ ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಪರೀಕ್ಷೆ, ರಜೆ ಬಂದಾಗ ಶಿಬಿರಗಳು ಕಡಿಮೆ, ಆಗ ನಮ್ಮ ಪಾಡು ಕಷ್ಟ. ಕೆಂಪು ಕಣ ಫ್ರಿಜ್‌ನಲ್ಲಿಟ್ಟರೂ 35ರಿಂದ 42 ದಿನ ಮಾತ್ರ ಬಾಳುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ ಐದೇ ದಿನ. ಹಾಗಾಗಿ ಎಲ್ಲರೂ ಒಂದೇ ದಿನ ಬರಲಿಲ್ಲ ಅಂತ ಬೇಜಾರಾಗಬೇಡಿ ಅಣ್ಣಾ. ಬಾರದವರ ಹೆಸರಿಗೆ ಗೆರೆ ಹೊಡೆಯಬೇಡಿ. ‘ಇವತ್ತು ಆಗಲಿಲ್ವಾ, ಮುಂದಿನ ತಿಂಗಳು ರಕ್ತನಿಧಿಗೇ ಹೋಗಿ ಕೊಡೋಣ, ನಾನೂ ಬರ್ತೀನಿ’ ಅಂತ ಕೇಳಿ ನೋಡಿ. ರಜೆ ಶುರುವಾಗುವ ಮೊದಲೇ ಕೇಳಿದರೆ ಇನ್ನೂ ಒಳ್ಳೇದು.