ಪದಚರ್ಚೆ: ತಪ್ಪಿಸಿಕೊಂಡು ಬಂದ ಗುಲಾಮ ‘ಪರಾರಿ’ಯೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದ 1850ರ ಕಾಯ್ದೆಯೊಂದರ ಹೆಸರನ್ನು (Fugitive Slave Act) ಕನ್ನಡಕ್ಕೆ ತರಬೇಕಾಗಿದೆ. ಗುಲಾಮಗಿರಿ ಇದ್ದ ದಕ್ಷಿಣದಿಂದ ಅದಿಲ್ಲದ ಉತ್ತರದ ರಾಜ್ಯಗಳಿಗೆ ಬಂದು ಸೇರಿದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂದ ಕಾಯ್ದೆ. ‘ಪರಾರಿ ಗುಲಾಮರ ಕಾಯ್ದೆ’ ಎಂದು ಬರೆದೆ. ಓದಿಕೊಂಡರೆ ‘ಆರೋಪಿ ಪರಾರಿ’ ಎನ್ನುವ ಪೇಪರಿನ ತಲೆಬರಹ ಕಣ್ಮುಂದೆ ಬಂತು. ‘ತಲೆಮರೆಸಿಕೊಂಡ’ ಎಂದರೂ ಪೊಲೀಸ್ ಠಾಣೆಯದೇ ವಾಸನೆ. ‘ಓಡಿಹೋದ’ ಎನ್ನೋಣವೆಂದರೆ, ‘ಓಡಿಹೋದಳು’ ಅಂದ ಕೂಡಲೇ ನಮ್ಮ ಕಡೆ ಯಾರ ಜೊತೆ ಎಂದು ಕೇಳುತ್ತಾರೆ.

ಜೋಶುವಾ ಗ್ಲೋವರ್ ಎಂಬಾತ ಗುಲಾಮಗಿರಿ ಇದ್ದ ಮಿಸೌರಿಯಿಂದ ತಪ್ಪಿಸಿಕೊಂಡು, ಉತ್ತರದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಹತ್ತಿರ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ. 1854ರ ಮಾರ್ಚ್‌ನಲ್ಲಿ ಅವನ ಗುಡಿಸಲಿಗೆ ನುಗ್ಗಿ, ಹೊಡೆದು, ಮಿಲ್ವಾಕಿ ಜೈಲಿಗೆ ಹಾಕಿದರು. ಮರುದಿನ ಜನ ಸೇರಿ ಜೈಲಿನ ಬಾಗಿಲು ಮುರಿದು ಬಿಡಿಸಿಕೊಂಡರು. ಅವನು ಕೆನಡಾ ಸೇರಿದ. ಇವನನ್ನು ‘ಪರಾರಿಯಾದ’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ತಪ್ಪಿಸಿಕೊಂಡು ‘ಹೋದ’ ಎಂದರೆ ಮಿಸೌರಿಯ ಒಡೆಯನ ಅಂಗಳದಲ್ಲಿ ನಿಂತು ನೋಡಿದ ಹಾಗೆ. ‘ಬಂದ’ ಎಂದರೆ ರಸೀನ್‌ನವರ ಮಾತು. ಹಾಗಾಗಿ ಕಾಯ್ದೆಯ ಹೆಸರಲ್ಲಿ ‘ಪರಾರಿ’ ಇರಲಿ, ಅದು ಆ ಕಾಯ್ದೆಯದೇ ಕಣ್ಣು. ಕಥನದಲ್ಲಿ ಮಾತ್ರ ‘ತಪ್ಪಿಸಿಕೊಂಡು ಬಂದವರು’ ಎಂದೇ ಬರೆಯಬೇಕು ಎನ್ನಿಸುತ್ತದೆ.

ಅಮೆರಿಕದ ಮೂಲ ಸಂವಿಧಾನ ‘ಗುಲಾಮ’ ಎಂಬ ಪದವನ್ನೇ ಬಳಸದೆ, ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿ ಎಂದು ಸುತ್ತಿಬಳಸಿ ಹೇಳಿತ್ತು. ಅಲ್ಲಿ ‘ಜೀತ’ ಹಾಕಬಹುದೇ? ನಾನು ಒಲ್ಲೆ. ನಮ್ಮ ಜೀತದ ಹಿಂದೆ ಸಾಲದ ಲೆಕ್ಕ ಇರುತ್ತದೆ. ಅಲ್ಲಿ ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಒಡೆಯನ ಆಸ್ತಿ.

ನನಗೆ ನಿಜಕ್ಕೂ ಪದ ಸಿಗದಿರುವುದು ಇನ್ನೊಂದಕ್ಕೆ. ಗುಲಾಮರನ್ನು ಹಿಡಿದುಕೊಡುವುದು ಒಕ್ಕೂಟ ಸರ್ಕಾರದ ಕೆಲಸ, ಅದಕ್ಕೆ ರಾಜ್ಯದ ಅಧಿಕಾರಿಗಳನ್ನು ಬಲವಂತಪಡಿಸುವಂತಿಲ್ಲ ಎಂಬ ದಾರಿ ಉತ್ತರದ ರಾಜ್ಯಗಳಿಗೆ ಈ ಕಾಯ್ದೆಗೂ ಮೊದಲೇ, ಅಲ್ಲಿನ ಸುಪ್ರೀಂ ಕೋರ್ಟಿನ 1842ರ ತೀರ್ಪಿನಲ್ಲೇ ಸಿಕ್ಕಿತ್ತು. ಮರುವರ್ಷ ಮ್ಯಾಸಚೂಸೆಟ್ಸ್ ತನ್ನ ಅಧಿಕಾರಿಗಳನ್ನೂ ಜೈಲುಗಳನ್ನೂ ಈ ಕೆಲಸಕ್ಕೆ ಕೊಡುವುದಿಲ್ಲ ಎಂದು ಕಾನೂನು ಮಾಡಿತು. ಮಿಲ್ವಾಕಿಯದು ‘ಪ್ರತಿರೋಧ’, ಸರಿ. ಮ್ಯಾಸಚೂಸೆಟ್ಸ್‌ನದು ಬಾಗಿಲು ಮುರಿಯುವುದಲ್ಲ, ಬೀಗದ ಕೈ ಕೊಡದಿರುವುದು. ‘ಅಸಹಕಾರ’ ಎಂದರೆ ಓದುಗರ ಮನಸ್ಸು 1920ರ ಚಳವಳಿಗೆ ಹೋಗುತ್ತದೆ; ಅಲ್ಲಿ ಸಹಕಾರ ಹಿಂತೆಗೆದುಕೊಂಡದ್ದು ಪ್ರಜೆಗಳು, ಇಲ್ಲಿ ಒಂದು ಸರ್ಕಾರ ಇನ್ನೊಂದಕ್ಕೆ ಒಲ್ಲೆ ಅನ್ನುತ್ತಿದೆ. ‘ನೆರವು ನಿರಾಕರಣೆ’ ಎಂದು ಸದ್ಯಕ್ಕೆ ಬರೆದಿದ್ದೇನೆ, ಪ್ರವಾಹ ಪರಿಹಾರ ಕೊಡದ ಸುದ್ದಿಯಂತೆ ಕೇಳುತ್ತದೆ. ಕೋರ್ಟು ಕಚೇರಿಯ ಕನ್ನಡ ಬಲ್ಲವರು ಯಾರಾದರೂ ಇದಕ್ಕೊಂದು ಪದ ಹೇಳಿ.