ಅಂಕದ ಫಾರಂ ಬಗ್ಗೆ

ಎಲ್ಲರಿಗೂ ವಂದನೆ. ಕಾರ್ಯದರ್ಶಿ ಅಣ್ಣ, ನೀವು ನಿನ್ನೆ ನಮ್ಮ ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದ 'ಆತ್ಮಿಕ ಬೆಳವಣಿಗೆ' ಫಾರಂ ನೋಡಿದೆ. ಟೈಪ್ ಮಾಡಲು ಕೂತರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗಿದರೆ ಬೇಜಾರು ಮಾಡಬೇಡಿ.

ಆರಾಧನೆಗೆ ಬಂದರೆ ಇಷ್ಟು ಅಂಕ, ಮನೆ ಪ್ರಾರ್ಥನೆಗೆ ಇಷ್ಟು, ಬೈಬಲ್ ಓದಿದ್ದಕ್ಕೆ ಇಷ್ಟು, ಕಾಣಿಕೆಗೂ ಅಂಕ. ಕೊಯ್ಲಿನ ಹಬ್ಬದ ದಿನ ಬಹುಮಾನ. ಸಂಡೇ ಸ್ಕೂಲ್ ಮಕ್ಕಳಿಗಾದರೆ ಸರಿ. ದೊಡ್ಡವರಿಗೆ ಬೇಡ. ಕಾಣಿಕೆಯ ಕಾಲಮ್ ಅಂತೂ ಇವತ್ತೇ ತೆಗೆದುಬಿಡಿ ಅಣ್ಣ. ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯಲ್ಲೆಲ್ಲ ದಶಮಾಂಶ ಅಂತ ದೇವಾಲಯದಲ್ಲಿ ನಿಂತು ಲೆಕ್ಕ ಒಪ್ಪಿಸಿದ ಫರಿಸಾಯ, ಅಂದರೆ ಕಟ್ಟುನಿಟ್ಟಿನ ಯೆಹೂದಿ ಧರ್ಮಿಷ್ಠ, ಬೈಬಲಿನ ಲೂಕ 18ರಲ್ಲಿ ಇದ್ದಾನಲ್ಲ? ನಮ್ಮ ಫಾರಂ ಪ್ರಕಾರ ಅವನಿಗೇ ಫಸ್ಟ್ ಪ್ರೈಜ್.

ನಮ್ಮಲ್ಲೇ ನೋಡಿ. ಮಣಿಪಾಲದಲ್ಲಿ ನರ್ಸ್ ಆಗಿರುವ ಹುಡುಗಿಯರಿಗೆ ಭಾನುವಾರ ರಜೆ ಸಿಗುವುದೇ ಅಪರೂಪ. ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದು ಹಿಂದಿನ ಬೆಂಚಲ್ಲಿ ಕೂರುತ್ತಾರೆ, ಅದೂ ಯಾವಾಗಲೋ ಒಮ್ಮೆ. ನಮ್ಮ ಕಡೆಯ ಒಬ್ಬರು ದೊಡ್ಡಮ್ಮ ಸಂಜೆಯ ಪ್ರಾರ್ಥನಾ ಕೂಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಅವರ ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ನಮ್ಮ ಸಭೆಯವರೇನಲ್ಲ. ದಿನಾ ಸಂಜೆ ಈ ದೊಡ್ಡಮ್ಮನೇ ಹೋಗಿ ಮೈ ಒರೆಸಿ, ಮಗ್ಗುಲು ತಿರುಗಿಸಿ, ಗಂಜಿಯ ಅಗುಳನ್ನು ಕೈಯಲ್ಲೇ ಹಿಸುಕಿ ಚಮಚದಲ್ಲಿ ಕುಡಿಸುತ್ತಾರೆ. ಅಷ್ಟಾಗುವಾಗ ನಮ್ಮ ಕೂಟದ ಚಹಾವೂ ಮುಗಿದಿರುತ್ತದೆ. ಫಾರಂನಲ್ಲಿ ಅವರಿಗೆ ಎಷ್ಟು ಕೊಡುತ್ತೀರಿ?

ಹಾಗಂತ ಲೆಕ್ಕವೇ ಬೇಡ ಅನ್ನುವುದಿಲ್ಲ. ಹಾಜರಿ ಬರೆಯಿರಿ. ಬಾರದವರ ಮನೆಗೆ ಹೋಗಿಬರಲು ಅದು ಬೇಕು. ಅಮೆರಿಕದಲ್ಲಿ ಶಿಕಾಗೋ ಹತ್ತಿರದ ವಿಲ್ಲೋ ಕ್ರೀಕ್ ಅನ್ನುವ ದೊಡ್ಡ ಸಭೆ 2007ರಲ್ಲಿ ತನ್ನದೇ ಸಮೀಕ್ಷೆ ಹೊರಗೆ ಹಾಕಿತು. ಕಾರ್ಯಕ್ರಮಗಳಿಗೆ ಜಾಸ್ತಿ ಬಂದ ಮಾತ್ರಕ್ಕೆ ದೇವರ ಮೇಲಿನ ಪ್ರೀತಿ ಜಾಸ್ತಿ ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡರು. ಅಷ್ಟೆಲ್ಲ ಕಾರ್ಯಕ್ರಮ ಮಾಡಿದ ಮೇಲೆ, ಪಾಪ.

ನನಗೆ ಹಿಡಿಸಿದ್ದು ಮೆಥಡಿಸ್ಟ್ ಸಭೆ ಶುರುವಾಗಲು ಕಾರಣರಾದ ಜಾನ್ ವೆಸ್ಲಿಯವರ ಕ್ರಮ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರ ಕೂಟದ ಕಟ್ಟಡದ ಸಾಲ ತೀರಿಸಬೇಕಿತ್ತು. ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಂದಾಳು, ತಲೆಗೆ ವಾರಕ್ಕೊಂದು ಪೆನ್ನಿ ಅಂತ ಮಾಡಿದರು. ವಸೂಲಿಗೆ ಹೋದವರಿಗೆ ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ, ಇನ್ನೊಂದರಲ್ಲಿ ಕುಡಿದು ಕೂತವನು. ಆಮೇಲೆ ಜನರ ಆತ್ಮ ಹೇಗಿದೆ ಅಂತ ವಿಚಾರಿಸುವುದೇ ಮುಂದಾಳುಗಳ ಮುಖ್ಯ ಕೆಲಸವಾಯಿತು.

ನಮಗೂ ಅಷ್ಟು ಸಾಕು ಅಣ್ಣ. ಹತ್ತು ಹನ್ನೆರಡು ಜನ ಕೂತು, ಈ ವಾರ ಯಾರ ಹತ್ತಿರ ಮಾತು ಬಿಟ್ಟಿದ್ದೀರಿ, ಓದಿದ ವಾಕ್ಯದಲ್ಲಿ ಯಾವುದನ್ನು ಮಾಡಲು ಆಗಲಿಲ್ಲ ಅಂತ ಕೇಳಿಕೊಳ್ಳೋಣ. ಬೈಬಲಿನ ಗಲಾತ್ಯ 5ರಲ್ಲಿ ಹೇಳಿದ ಪವಿತ್ರಾತ್ಮನ ಒಂಬತ್ತು ಫಲಗಳಲ್ಲಿ ದೀರ್ಘಶಾಂತಿ, ಅಂದರೆ ತಾಳ್ಮೆ, ನಮ್ಮಲ್ಲಿ ಇದೆ ಅಂತ ನಾವೇ ಟಿಕ್ ಹಾಕಿದರೆ ಹೇಗೆ? ಮನೆಯವರನ್ನು ಕೇಳಬೇಕು. ನಮ್ಮ ಯಜಮಾನರು ಈಗಲೇ ನಗುತ್ತಿದ್ದಾರೆ.

ಒಂದು ಮಾತ್ರ. ಅಲ್ಲಿ ಹೇಳಿದ್ದು ಅಲ್ಲೇ ಇರಲಿ. ಕಮಿಟಿಗೆ ರಿಪೋರ್ಟ್ ಬೇಡ, ಈ ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಇಲ್ಲದಿದ್ದರೆ ಮುಂದಿನ ವಾರ ಯಾರೂ ಬಾಯಿ ಬಿಡುವುದಿಲ್ಲ. ಪಾಸ್ಟರ್ ಅಯ್ಯನವರೇ, ನೀವೇನು ಹೇಳುತ್ತೀರಿ? ಫಾರಂ ಆಗಲೇ ಪ್ರಿಂಟ್ ಆಗಿದ್ದರೆ ಹಿಂಬದಿ ಖಾಲಿ ಇರುತ್ತದಲ್ಲ, ಕ್ವಯರ್‌ನವರಿಗೆ ಹಾಡು ಬರೆದುಕೊಳ್ಳಲು ಕೊಡಿ.