ಫ್ಲಶ್ ಮರೆತ ಬೇಸ್64

ರಘು: (ಫಾರ್ವರ್ಡ್) ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಬಳಸಿ ಮೆಮೊರಿಯಲ್ಲೇ ಬೇಸ್64 ಮಾಡೋ, ಅಂದ್ರೆ ಮೂರ್ಮೂರು ಬೈಟನ್ನ ನಾಲ್ನಾಲ್ಕು ಅಕ್ಷರಕ್ಕೆ ಬದಲಿಸೋ ಸಿ ಫಂಕ್ಷನ್, ಬರೀ 12 ಸಾಲು. ಫೈಲು ಗೀಲು ಏನೂ ಬೇಡ. ಬೇಕಾದೋರು ಎತ್ಕೊಳ್ಳಿ.

ಶ್ವೇತಾ: ಯಾರೂ ಎತ್ಕೋಬೇಡಿ. ಬಿಐಒ ಅನ್ನೋ ಡೇಟಾ ಕೊಳವೆಗೆ ಬಿಐಒ_ರೈಟ್ ಆದ್ಮೇಲೆ, ಒಳಗೆ ಉಳಿದಿದ್ದನ್ನ ಹೊರಗೆ ತಳ್ಳೋ ಬಿಐಒ_ಫ್ಲಶ್ ಎಲ್ಲಪ್ಪಾ?

ರಘು: ಓಡಿಸಿ ನೋಡಿದೀನಿ ಕಣೇ, ಸರಿಯಾಗೇ ಬಂತು.

ಶ್ವೇತಾ: ಎಷ್ಟು ಬೈಟ್ ಕೊಟ್ಟೆ?

ರಘು: 9

ಶ್ವೇತಾ: ಅದಕ್ಕೇ! 3ರ ಲೆಕ್ಕಕ್ಕೆ ಕೂತ್ಕೊಂಡ್ತು. 10 ಕೊಡು, 16 ಅಕ್ಷರ ಬರಬೇಕಾದ್ದು 12ಕ್ಕೇ ನಿಲ್ಲುತ್ತೆ. ಕೊನೇ ಬೈಟು ಇನ್ನೆರಡು ಬರಲಿ ಅಂತ ಫಿಲ್ಟರ್ ಒಳಗೆ ಕಾಯ್ತಾ ಕೂತಿರುತ್ತೆ. ಫ್ಲಶ್ ಕರೆದಾಗಲೇ ಅದೂ, ಅದರ ಬೆನ್ನಿಗೆ ಎರಡು ಸಮ ಚಿಹ್ನೆಯೂ ಹೊರಗೆ ಬರೋದು.

ಮಂಜು: ಹೊಸಸಾಲು ಬೇಡ ಅನ್ನೋ ನೋ_ಎನ್‌ಎಲ್ ಫ್ಲ್ಯಾಗ್ ತೆಗೆದ್ರೆ ಇನ್ನೂ ಮಜಾ, 48 ಬೈಟ್ ತುಂಬೋವರೆಗೆ ಒಂದಕ್ಷರಾನೂ ಹೊರಡಲ್ಲ. ಎನ್‌ಕೋಡ್‌ಗೆ ಫ್ಲ್ಯಾಗ್ ಹಾಕಿ, ಅದನ್ನ ವಾಪಸ್ ಬಿಡಿಸೋ ಡಿಕೋಡ್‌ಗೆ ಮರೆತ್ರೋ, ಅದು ಹೊಸಸಾಲು ಹುಡುಕಿ ಹುಡುಕಿ ಬರಿಗೈಲಿ ವಾಪಸ್.

ನವೀನ: ಇಷ್ಟಕ್ಕೆಲ್ಲ ಬಿಐಒ ಸರಪಳಿ ಯಾಕೆ ಮಾರಾಯಾ? ಡೇಟಾ ಪೂರ್ತಿ ಕೈಲೇ ಇದೆ. ಇವಿಪಿ_ಎನ್‌ಕೋಡ್‌ಬ್ಲಾಕ್ ಒಂದೇ ಕಾಲ್. ಬಫರ್ ಎಷ್ಟು ದೊಡ್ಡದು ಬೇಕು ಅಂದ್ರೆ, ಬೈಟ್ ಸಂಖ್ಯೆಗೆ 2 ಕೂಡಿಸು, 3ರಿಂದ ಭಾಗಿಸಿ ಶೇಷ ಬಿಡು, 4ರಿಂದ ಗುಣಿಸು, ಸ್ಟ್ರಿಂಗ್ ಮುಗೀತು ಅನ್ನೋ ಕೊನೇ ಸೊನ್ನೆಗೆ ಇನ್ನೊಂದು. 10 ಬೈಟ್‌ಗೆ 17.

ಮಂಜು: ಆ ಇನ್ನೊಂದನ್ನ ನುಂಗಿದ ಕೋಡೇ ಎಲ್ಲಾ ಕಡೆ ಓಡಾಡ್ತಿರೋದು 😄

ಶ್ವೇತಾ: ಎನ್‌ಕೋಡ್‌ಗೆ ಒಪ್ಪಿದೆ. ಇವಿಪಿ_ಡಿಕೋಡ್‌ಬ್ಲಾಕ್ ಹೇಳೋ ಲೆಕ್ಕ ಮಾತ್ರ ನಂಬಬೇಡ. ಅದೇ 16 ಅಕ್ಷರ ಕೊಟ್ರೆ 12 ಅನ್ನುತ್ತೆ, ನಿಜ ಇರೋದು 10. ಸಮ ಚಿಹ್ನೆ ನೀನೇ ಎಣಿಸಿ ಕಳೀಬೇಕು. ಡೇಟಾ ತುಂಡುತುಂಡಾಗಿ ಬಂದ್ರೆ ಬಿಐಒನೇ ವಾಸಿ.

ನವೀನ: ತುಂಡಿಗೆ ಇವಿಪಿ_ಎನ್‌ಕೋಡ್‌ಅಪ್‌ಡೇಟ್ ಇದೆಯಲ್ಲ.

ಶ್ವೇತಾ: ಇದೆ, 64 ಅಕ್ಷರಕ್ಕೊಂದು ಹೊಸಸಾಲು ತುರುಕುತ್ತೆ. ಅದನ್ನ ಹಾಗೇ, ಒಂದೇ ಸಾಲಲ್ಲಿ ಇರಬೇಕಾದ ಎಚ್‌ಟಿಟಿಪಿ ಹೆಡರ್‌ಗೆ ಹಾಕು, ನೋಡೋಣ.

ರಘು: ಆಯ್ತು, ಫ್ಲಶ್ ಹಾಕ್ದೆ. ಈಗ ಪ್ರಿಂಟ್ ಮಾಡಿದ್ರೆ ಕಸ ಬರ್ತಿದೆ!

ಮಂಜು: ಬರದೆ ಇನ್ನೇನು ಗುರು? 11ನೇ ಸಾಲಲ್ಲಿ ಬಿಐಒ_ಫ್ರೀ_ಆಲ್ ಕರೆದು ಮೆಮೊರಿ ಬಿಟ್ಟುಕೊಟ್ಟೆ, 12ರಲ್ಲಿ ಅದೇ ಬಫರಿನ ಪಾಯಿಂಟರ್ ರಿಟರ್ನ್. ಫ್ರೀ ಮಾಡೋ ಮೊದಲು ಉದ್ದಕ್ಕಿಂತ 1 ಜಾಸ್ತಿ ಜಾಗ ಮ್ಯಾಲಾಕ್ ಮಾಡಿ ಅದಕ್ಕೆ ಮೆಮ್‌ಕಾಪಿ ಮಾಡು. ಕೊನೇ ಸೊನ್ನೇನೂ ನೀನೇ ಇಡಬೇಕು, ಮೆಮೊರಿ ಬಿಐಒ ಇಡಲ್ಲ.

ಶ್ವೇತಾ: ಇನ್‌ಪುಟ್ ಉದ್ದಕ್ಕೆ, ಸೊನ್ನೆ ಸಿಗೋವರೆಗೆ ಎಣಿಸೋ ಸ್ಟ್ರ್‌ಲೆನ್ ಬೇರೆ! ಬೈನರಿ ಮಧ್ಯೆ ಸೊನ್ನೆ ಬೈಟ್ ಸಿಕ್ಕಿದ್ರೆ ಅಲ್ಲಿಗೇ ಕಟ್. ಉದ್ದಾನ ಆರ್ಗ್ಯುಮೆಂಟ್ ಆಗಿ ತಗೋ.

ರಘು: 12 ಸಾಲಲ್ಲಿ 4 ತಪ್ಪಾ 🙏 ಡಿಲೀಟ್ ಮಾಡ್ತೀನಿ.

ನವೀನ: ನಂದು 3 ಸಾಲು. ಸುಮ್ನೆ ಹೇಳ್ದೆ.